ಆನಿಯನ್ ದೋಸೆ ಎಂಬ ಎಚ್ಚರಿಕೆ

ಎಲ್. ಶೈಸ್ತಾ
ಕನ್ನಡ ಉಪನ್ಯಾಸಕಿ, ಚಿಂತಾಮಣಿ

ನಮ್ಮ ಜಿಲ್ಲೆಯ ಶಿಕ್ಷಣ ಕ್ಷೇತ್ರದಲ್ಲಿ ಹೆಸರು ಮಾಡಿದ ಗಣಿತದ ಮೇಷ್ಟ್ರುಗಳಿದ್ದಾರೆ, ವಿಜ್ಞಾನದ ಮೇಷ್ಟ್ರುಗಳಿದ್ದಾರೆ, ನೂರಕ್ಕೆ ನೂರು ಫಲಿತಾಂಶ ತಂದು ಪತ್ರಿಕೆಯಲ್ಲಿ ಭಾವಚಿತ್ರ ಅಚ್ಚಾದ ಮುಖ್ಯೋಪಾಧ್ಯಾಯರೂ ಇದ್ದಾರೆ. ಆದರೆ ದೈಹಿಕ ಶಿಕ್ಷಕರ ಹೆಸರು ಈ ಸಾಲಿನಲ್ಲಿ ಬರುವುದು ಅಪರೂಪ. ಸ್ವಾತಂತ್ರ್ಯ ದಿನಾಚರಣೆಯಂದು ಧ್ವಜದ ಹಗ್ಗ ಸಲೀಸಾಗಿ ಬಿಚ್ಚಿಕೊಂಡರೆ ಯಾರೂ ಅವರನ್ನು ನೆನೆಯುವುದಿಲ್ಲ. ಬಿಚ್ಚಿಕೊಳ್ಳದಿದ್ದರೆ ಸಭೆಗೆ ಸಭೆಯೇ ಅವರ ಕಡೆ ತಿರುಗಿ ನೋಡುತ್ತದೆ. ಇಂಥ ಕ್ಷೇತ್ರದಲ್ಲಿ ಮೂರು ದಶಕಗಳಿಗೂ ಮಿಕ್ಕಿ ದುಡಿದು, ಕಳೆದ ಮೇ ತಿಂಗಳಲ್ಲಿ ನಿವೃತ್ತರಾದ ಶ್ರೀಮತಿ ಆರ್. ಕಮಲಮ್ಮನವರಿಗೆ ಒಂದು ಅಭಿನಂದನ ಗ್ರಂಥ ಬರುತ್ತಿದೆ ಎಂಬ ಸುದ್ದಿಯೇ ನಮ್ಮಂಥವರಿಗೆ ಹಬ್ಬ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಅವರು ಯಾವ ಬಸ್ಸು ಹತ್ತಿದರೂ ಎದ್ದು ಸೀಟು ಬಿಟ್ಟುಕೊಡುವ ಹಳೆಯ ವಿದ್ಯಾರ್ಥಿನಿ ಒಬ್ಬಳಾದರೂ ಸಿಕ್ಕೇ ಸಿಗುತ್ತಾಳೆ. ಅವರು ಕೂರುವುದಿಲ್ಲ ಎಂಬುದು ಬೇರೆ ಮಾತು.

ಗ್ರಂಥದ ಸಂಪಾದಕ, ಮಿತ್ರ ವೇಣು, ಮಂಡಿಕಲ್ ಊರಿನ ಶಾಲೆಯಲ್ಲಿ ಅವರ ಕೈಕೆಳಗೆ ಓಡಿ ಬೆಳೆದವನು. ಫೋನು ಮಾಡಿ, "ಅಕ್ಕಾ, ನೀವು ಮೇಡಂ ಮತ್ತು ಕ್ರೀಡೆ ಅಂತ ಬರೀರಿ" ಎಂದ. "ಕ್ರೀಡೆ ಬಗ್ಗೆ ಬೇರೆ ಯಾರಾದರೂ ಬರೀಲಪ್ಪ, ನಾನು ಮೇಡಂ ಮತ್ತು ಇಂಗ್ಲಿಷ್ ಅಂತ ಬರೀತೀನಿ" ಎಂದೆ. ಅವನು ನಕ್ಕ ನಗುವಿಗೆ ನನ್ನ ಕಿವಿ ಗುಂಯ್‌ಗುಟ್ಟಿತು. ಅವನಿಗೆ ವಿಷಯ ಗೊತ್ತಿತ್ತು. ಗೊತ್ತಿಲ್ಲದವರಿಗಾಗಿ ಈ ಲೇಖನ.

ಕಮಲಮ್ಮ ಮೇಡಂ ಅವರ ತಂದೆ ಗೌರಿಬಿದನೂರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಮನೆಯ ಮಾತು ತೆಲುಗು, ಓದು ಕನ್ನಡ. ಮಗಳು ಟೀಚರ್ ಆಗಲಿ ಎಂಬುದು ತಂದೆಯ ಆಸೆಯಾಗಿತ್ತು. ಟೀಚರ್ ಆದರೂ ಬಿಸಿಲಿನಲ್ಲಿ ನಿಲ್ಲುವ ಟೀಚರ್ ಆಗುತ್ತಾಳೆ ಎಂದು ಅವರು ಎಣಿಸಿರಲಿಲ್ಲವಂತೆ. ದೈಹಿಕ ಶಿಕ್ಷಣದ ತರಬೇತಿ ಮುಗಿಸಿ, ಶಿಡ್ಲಘಟ್ಟದ ನಮ್ಮ ಬಾಲಕಿಯರ ಪ್ರೌಢಶಾಲೆಗೆ ಅವರು ಬಂದಾಗ ಅಲ್ಲಿ ಮೈದಾನವೆಂಬುದೇ ಇರಲಿಲ್ಲ. ಇದ್ದದ್ದು ಒಂದು ಬಯಲು, ಅದರ ತುಂಬ ಮುಳ್ಳು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ತಾವೇ ಮೊದಲು ಬಗ್ಗಿ, ಒಂದು ತಿಂಗಳು ಕಲ್ಲು ಮುಳ್ಳು ಹೆಕ್ಕಿಸಿದರು. ಹೆಕ್ಕಿದ ಜಾಗದಲ್ಲಿ ಎರಡು ಕಂಬ ನೆಟ್ಟು ಖೋ ಖೋ ಶುರು ಮಾಡಿದರು. ನಾನು ಎಂಟನೆಯ ತರಗತಿಗೆ ಸೇರುವ ಹೊತ್ತಿಗೆ ಆ ಬಯಲು ನಮ್ಮ ಮನೆಯ ಅಂಗಳಕ್ಕಿಂತ ನುಣ್ಣಗಾಗಿತ್ತು.

ಮೈದಾನದಲ್ಲಿ ಅವರ ಭಾಷೆ ಇಂಗ್ಲಿಷ್. ಡ್ರಿಲ್ಲಿನ ಆಜ್ಞೆಗಳು ಎಲ್ಲ ಶಾಲೆಯಲ್ಲೂ ಇಂಗ್ಲಿಷಿನಲ್ಲೇ ಇರುತ್ತವಲ್ಲ. ಅದರ ಜತೆಗೆ ಅವರು ತರಬೇತಿಯಲ್ಲಿ ಕಲಿತು ಬಂದ, ಬಹಳ ಪ್ರೀತಿಸಿದ ಮಾತು ಒಂದಿತ್ತು: ಆನ್ ಯುವರ್ ಟೋಸ್. ಅಕ್ಷರಕ್ಕೆ ಅಕ್ಷರ ಹಿಡಿದರೆ ಕಾಲ್ಬೆರಳುಗಳ ಮೇಲೆ ನಿಲ್ಲು ಎಂದರ್ಥ. ಇಂಗ್ಲಿಷ್ ಬಲ್ಲವರ ಬಾಯಲ್ಲಿ, ಎಚ್ಚರವಾಗಿರು, ಯಾವ ಗಳಿಗೆಯಲ್ಲಿ ಏನಾದರೂ ಆದೀತು ಎಂದರ್ಥ. ಖೋ ಖೋ ಆಟಕ್ಕೆ ಎರಡು ಅರ್ಥವೂ ಬೇಕು. ಸಾಲಿನಲ್ಲಿ ಕೂತವಳು ಹಿಮ್ಮಡಿಯನ್ನು ನೆಲಕ್ಕೆ ಊರಿ ಕೂತರೆ, ಬೆನ್ನಿಗೆ ಖೋ ಬಿದ್ದಾಗ ಏಳುವಷ್ಟರಲ್ಲಿ ಎದುರಾಳಿ ಕಂಬ ಸುತ್ತಿ ಹೋಗಿರುತ್ತಾಳೆ. ಆದ್ದರಿಂದ ಮೇಡಂ ಆ ಮಾತಿಗೆ ತಮ್ಮದೇ ಒಂದು ಭಂಗಿ ಕಟ್ಟಿದ್ದರು. ಕೇಳಿದ ತಕ್ಷಣ ಹಿಮ್ಮಡಿ ಮೇಲೆ, ಮೈ ಮುಂದಕ್ಕೆ, ಬಾಯಿ ಮುಚ್ಚಿರಬೇಕು, ಕಣ್ಣು ಮೇಡಂ ಮೇಲಿರಬೇಕು. ಅವರು "ಸಾಕು, ಇಳೀರಿ" ಎನ್ನುವವರೆಗೆ ಇಳಿಯುವಂತಿಲ್ಲ.

ಇಷ್ಟು ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಸೀಟಿಯಲ್ಲಿ. ಮೇಡಂ ಅವರ ಬಾಯಲ್ಲಿ ಸೀಟಿ ಸದಾ ಕಚ್ಚಿಕೊಂಡೇ ಇರುತ್ತಿತ್ತು. ಮಾತನಾಡುವಾಗಲೂ ಅದನ್ನು ತುಟಿಯ ಒಂದು ಮೂಲೆಗೆ ತಳ್ಳಿಕೊಂಡು ಇನ್ನೊಂದು ಮೂಲೆಯಿಂದ ಮಾತನಾಡುತ್ತಿದ್ದರು. ಸೀಟಿಯ ಪಕ್ಕದಿಂದ ನುಸುಳಿ, ಬಯಲಿನ ಗಾಳಿ ದಾಟಿ, ಉರ್ದು ಮನೆ ತೆಲುಗು ಬೀದಿಗಳಲ್ಲಿ ಬೆಳೆದ ನಮ್ಮ ಕಿವಿಗೆ ಬಂದು ಬೀಳುವಷ್ಟರಲ್ಲಿ ಆ ಮಾತು ಆನಿಯನ್ ದೋಸೆ ಆಗಿರುತ್ತಿತ್ತು.

ನಗಬೇಡಿ. ಬೆಳಿಗ್ಗೆ ಬೇಗ ಎದ್ದು, ಅರೆಹೊಟ್ಟೆಯಲ್ಲಿ ಅಭ್ಯಾಸಕ್ಕೆ ಬಂದ ಹುಡುಗಿಯರಿಗೆ ಬೇರೆ ಏನು ಕೇಳಿಸಬೇಕು? ಮೊದಲ ದಿನ ನನ್ನ ಪಕ್ಕ ಕೂತಿದ್ದ ಮಹತಿ, ಮುಂದೆ ನನ್ನ ಜೀವದ ಗೆಳತಿಯಾದವಳು, ಪಿಸುಗುಟ್ಟಿದಳು: "ಎಪ್ಪುಡು ಪೆಡ್ತಾರೇ ದೋಸ?" ಯಾವಾಗ ಕೊಡ್ತಾರೆ ಎಂಬುದೇ ಅವಳ ಚಿಂತೆ. ಹಿರಿಯ ಹುಡುಗಿಯೊಬ್ಬಳು ಅನುಭವಸ್ಥೆಯ ಗತ್ತಿನಿಂದ, "ಗೆದ್ರೆ ಕೊಡಿಸ್ತಾರೆ ಕಣೇ, ಸುಮ್ನೆ ಕೂತ್ಕೊ" ಎಂದಳು. ಅವಳಿಗೂ ಅವಳ ಹಿರಿಯರು ಹಾಗೆಯೇ ಹೇಳಿದ್ದರು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಆ ದೋಸೆ ಸಾಗಿ ಬಂದಿತ್ತು, ಯಾರ ಬಾಯಿಗೂ ಬೀಳದೆ.

ಶಾಲೆಯ ಕಾಂಪೌಂಡಿನೊಳಗೇ ಉಳಿದಿದ್ದರೆ ಅದು ಬೇರೆ ಮಾತು. ನಾವು ಅದನ್ನು ಮನೆಗೆ ಒಯ್ದೆವು. ನನ್ನ ತಂದೆ ಲಾಲ್ ಬಾಷಾ ರೇಷ್ಮೆ ನೂಲು ಬಿಚ್ಚುವ ಕೆಲಸದವರು; ಕುದಿಯುವ ನೀರಿನ ಬಾಣಲೆಯ ಹತ್ತಿರ ಯಾರಾದರೂ ಆಕಳಿಸಿದರೆ "ಏಯ್, ಆನಿಯನ್ ದೋಸೆ!" ಎಂದು ಗದರುತ್ತಿದ್ದರು. ಅಜ್ಜಿ ಮೆಹಬೂಬ್ ಬೀ ಒಲೆಯ ಮೇಲೆ ಹಾಲಿಟ್ಟು, ಉಕ್ಕುವ ಹೊತ್ತಿಗೆ ನನಗೆ ಅದನ್ನೇ ಕೂಗಿ ಹೇಳುತ್ತಿದ್ದರು. ಹಾಲು ನೋಡಿಕೋ ಎಂದು ಅರ್ಥ ಮಾಡಿಕೊಂಡು ನಾನು ಓಡುತ್ತಿದ್ದೆ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಆ ಕಾಲಕ್ಕೆ ಆನಿಯನ್ ದೋಸೆ ಎಂದರೆ ತಿಂಡಿ ಎಂದು ತಿಳಿಯುವವರು ಹೊರ ಊರಿನವರು ಮಾತ್ರ.

ಮಾತು ಹೇಗಾದರೂ ಇರಲಿ, ಆ ಎಚ್ಚರದಲ್ಲೇ ಮೇಡಂ ಬಾಳುತ್ತಿದ್ದರು. ಮಹತಿ ಪದೇ ಪದೇ ತಪ್ಪು ದಿಕ್ಕಿಗೆ ಓಡುತ್ತಿದ್ದಾಗ ನಾವೆಲ್ಲ ಅವಳನ್ನು ದಡ್ಡಿ ಎಂದು ರೇಗಿಸುತ್ತಿದ್ದೆವು. ಮೇಡಂ ಒಂದು ದಿನ ಅವಳನ್ನು ಕಂಬದ ಬಳಿ ನಿಲ್ಲಿಸಿ, ಇನ್ನೊಂದು ತುದಿಗೆ ಹೋಗಿ ಬೆರಳು ಎತ್ತಿ "ಎಷ್ಟಮ್ಮ?" ಎಂದು ಕೇಳಿದರು. ಅವಳು ಎಷ್ಟೋ ಒಂದು ಹೇಳಿದಳು. ಆ ಶನಿವಾರವೇ ಅವಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರ ಬಳಿ ಹೋದರು. ಕನ್ನಡಕ ಹಾಕಿಕೊಂಡು ಬಂದ ಮಹತಿ ಆಮೇಲೆ ನಮ್ಮ ತಂಡದ ಅತ್ಯಂತ ಚುರುಕಿನ ಓಟಗಾರ್ತಿಯಾದಳು. ಅವಳ ಮನೆಯವರಿಗಾಗಲೀ, ಕರಿಹಲಗೆಯ ಮುಂದೆ ವರ್ಷವಿಡೀ ಅವಳನ್ನು ಕೂರಿಸಿಕೊಂಡ ಬೇರೆ ಟೀಚರುಗಳಿಗಾಗಲೀ ಕಾಣದ್ದು ಮೇಡಂ ಅವರಿಗೆ ಕಂಡಿತ್ತು. ಈಗ ಮಹತಿ ಆಸ್ಪತ್ರೆಯಲ್ಲಿ ನರ್ಸ್. ರೋಗಿಗಳನ್ನು ನೋಡುವಾಗ ಮೇಡಂ ನನ್ನನ್ನು ನೋಡಿದ ಹಾಗೆ ನೋಡ್ತೀನಿ ಎನ್ನುತ್ತಾಳೆ.

ಇನ್ನು ಚಿಂತಾಮಣಿಯಲ್ಲಿ ನಡೆದ ಒಂದು ಖೋ ಖೋ ಪಂದ್ಯಕ್ಕೆ ಬರುತ್ತೇನೆ. ಆಗ ನಾನು ಹತ್ತನೆಯ ತರಗತಿಯಲ್ಲಿದ್ದೆ, ತಂಡದ ನಾಯಕಿಯೂ ಆಗಿದ್ದೆ. ನನ್ನ ಗಂಟಲು ಇಡೀ ಶಾಲೆಗೆ ಪ್ರಸಿದ್ಧ. ಹಲ್ಲಿ ಕಂಡರೂ ನಾನು ಕಿರುಚಿದ ಸದ್ದು ಬಸ್ ನಿಲ್ದಾಣಕ್ಕೆ ಕೇಳುತ್ತದೆ ಎಂದು ಗೆಳತಿಯರು ಆಡಿಕೊಳ್ಳುತ್ತಿದ್ದರು. ಅಂತಿಮ ಪಂದ್ಯ. ಕೊನೆಯ ಸುತ್ತಿನಲ್ಲಿ ಅಟ್ಟುವ ಸರದಿ ನಮ್ಮದು, ಗೆಲ್ಲಲು ಕೆಲವೇ ಅಂಕ ಸಾಕಿತ್ತು. ಮೇಡಂ ಗೆರೆಯಾಚೆಯಿಂದ ಎಂದಿನಂತೆ ಕೂಗಿದರು. ನಮ್ಮ ಸಾಲು ಎಂದಿನಂತೆ ಹಿಮ್ಮಡಿ ಎತ್ತಿತು. ಎದುರು ತಂಡದ ಶಿಕ್ಷಕರು ಕೈ ಎತ್ತಿ ಆಟ ನಿಲ್ಲಿಸಿದರು. ಹೊರಗಿನಿಂದ ಗುಟ್ಟಿನ ಭಾಷೆಯಲ್ಲಿ ಆಟ ಹೇಳಿಕೊಡುತ್ತಿದ್ದಾರೆ ಎಂದು ಅವರ ಆಕ್ಷೇಪ.

ತೀರ್ಪುಗಾರ ಮುನಿನಾರಾಯಣಪ್ಪನವರು ದಪ್ಪ ಮೀಸೆಯ, ನಿಧಾನದ ಮನುಷ್ಯ. ಮೇಡಂ ಹತ್ತಿರ ಬಂದು ಕೇಳಿದರು: "ಏನಮ್ಮ ಅದು ಆನಿಯನ್ ದೋಸೆ? ಯಾವ ಕಡೆ ಓಡಬೇಕು ಅಂತ ಹೇಳ್ಕೊಡ್ತಾ ಇದ್ದೀರಾ?"

"ನಾನೆಲ್ಲಿ ದೋಸೆ ಅಂದೆ ಸಾರ್?" ಮೇಡಂ ಅವರಿಗೆ ನಿಜವಾಗಿ ಕಕ್ಕಾಬಿಕ್ಕಿ. "ಆನ್ ಯುವರ್ ಟೋಸ್ ಅಂದೆ. ಎಚ್ಚರವಾಗಿರಿ ಅಂತ. ಬೇಕಾದ್ರೆ ನಮ್ಮ ಹುಡುಗೀರನ್ನೇ ಕೇಳಿ."

ಅವರು ನಾಯಕಿಯಾದ ನನ್ನನ್ನೇ ಕೇಳಿದರು. ನಾನು ಎದೆಯುಬ್ಬಿಸಿ, ಮೈದಾನಕ್ಕೆಲ್ಲ ಕೇಳುವಂತೆ ಹೇಳಿದೆ: "ಆನಿಯನ್ ದೋಸೆ ಅಂತಲೇ ಅಂದ್ರು ಸಾರ್. ಗೆದ್ರೆ ಕೊಡಿಸ್ತಾರೆ. ಆದ್ರೆ ಇದುವರೆಗೂ ಕೊಡಿಸಿಲ್ಲ."

ಮುನಿನಾರಾಯಣಪ್ಪನವರ ಮೀಸೆ ಅಲುಗಿತು. ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ನಮ್ಮ ಸಾಲಿನತ್ತ ತಿರುಗಿ ಒಬ್ಬೊಬ್ಬಳ ಮುಖವನ್ನೂ ನೋಡಿದರು. ಎಲ್ಲರೂ ತಲೆಯಾಡಿಸಿದೆವು, ಹೌದು ದೋಸೆಯೇ ಎಂದು. ಇಷ್ಟು ವರ್ಷಗಳಲ್ಲಿ ಅವರಿಗೆ ಆ ವಿಷಯ ತಿಳಿದದ್ದು ಅದೇ ಮೊದಲು. ಮೋಸವೇನೂ ಇಲ್ಲ ಎಂದು ತೀರ್ಪುಗಾರರು ಒಪ್ಪಿದರು. ಆದರೆ ಇನ್ನು ಹೊರಗಿನಿಂದ ಕೂಗುವಂತಿಲ್ಲ ಎಂದು ಹೇಳಿ ಆಟ ಮುಂದುವರಿಸಿದರು. ಕೂಗು ನಿಂತಿತು, ನಮ್ಮ ಹಿಮ್ಮಡಿಗಳು ನೆಲಕ್ಕಂಟಿದವು, ನಾವು ಒಂದೇ ಅಂಕದಿಂದ ಸೋತೆವು.

ಅಲ್ಲಿಂದ ಮೇಡಂ ನಮ್ಮನ್ನು ಬಸ್ ನಿಲ್ದಾಣದ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ, "ಎಲ್ಲಾರ್ಗೂ ಆನಿಯನ್ ದೋಸೆ ಕೊಡಿ" ಎಂದರು. "ತಿನ್ರಮ್ಮ. ಇಷ್ಟು ವರ್ಷ ಕಾದಿದ್ದೀರಿ, ಎರಡೆರಡು ತಿನ್ನಿ." ನಾವು ಸೋತದ್ದನ್ನು ಮರೆತು ತಿಂದೆವು. ಅವರು ಮಾತ್ರ ಕಾಫಿ ಲೋಟ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಅವರು ನಗುತ್ತಿಲ್ಲ ಎಂಬುದು ಎರಡನೆಯ ದೋಸೆಯ ನಡುವೆ ನನಗೆ ಕಂಡಿತು, ಉಳಿದದ್ದನ್ನು ಮಹತಿಯ ತಟ್ಟೆಗೆ ಸರಿಸಿದೆ.

ಮರುದಿನ ಆಟದ ಸಾಮಾನಿನ ಕೋಣೆಯ ಬೀಗದ ಕೈ ಕೊಡಲು ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ನಮ್ಮ ಇಂಗ್ಲಿಷ್ ಮೇಷ್ಟ್ರು ಕೇಶವ್ ಸರ್ ಮಾತನಾಡುತ್ತಿದ್ದರು. ಇಸ್ತ್ರಿ ಮುರಿಯದ ಅಂಗಿಯ, ಉಚ್ಚಾರದ ವಿಷಯದಲ್ಲಿ ರಾಜಿಯಿಲ್ಲದ ಮನುಷ್ಯ. "ಮಕ್ಕಳು ಅದನ್ನೇ ಸರಿಯಾದ ಇಂಗ್ಲಿಷ್ ಅಂದ್ಕೊಂಬಿಡ್ತಾರೆ ಮೇಡಂ. ನಾಳೆ ಎಲ್ಲೋ ನಾಲ್ಕು ಜನರ ಮುಂದೆ ಹಿಂಗಂದ್ರೆ ನಗ್ತಾರೆ. ನಾನು ಬೆಂಗಳೂರಲ್ಲಿ ಇಂಟರ್‌ವ್ಯೂಗೆ ಹೋದಾಗ ಒಂದು ಮಾತು ತಪ್ಪು ಅಂದಿದ್ದಕ್ಕೆ ನಗಾಡಿದ್ರು. ಅದು ಇವತ್ತಿಗೂ ಮರೆಯಕ್ಕಾಗಿಲ್ಲ. ನಮ್ಮ ಹುಡುಗೀರಿಗೆ ಹಂಗಾಗೋದು ಬೇಡ." ಅವರ ಮಾತಿನಲ್ಲಿ ಕುಹಕವಿರಲಿಲ್ಲ, ನೋವಿತ್ತು. ಅದಕ್ಕೇ ಇರಬೇಕು, ಮೇಡಂ ವಾದಿಸಲಿಲ್ಲ. "ಸರಿ ಸಾರ್. ಇಷ್ಟು ವರ್ಷ ತಪ್ಪನ್ನೇ ಕಲಿಸಿದ್ದೀನಿ ಅಂತಾಯ್ತು" ಎಂದರು. ಆ ಮಾತು ಕೇಳಿ ನನಗೆ ಕೇಶವ್ ಸರ್ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆ ವಾರ ಮೇಡಂ ಸೀಟಿಯನ್ನು ಬಾಯಿಂದ ತೆಗೆದು, ಕೈಯಲ್ಲಿ ಹಿಡಿದುಕೊಂಡು, ಒಂದೊಂದೇ ಶಬ್ದ ಬಿಡಿಸಿ ಹೇಳಿದರು: ಆನ್. ಯುವರ್. ಟೋಸ್. ನಾವು ಇಂಗ್ಲಿಷ್ ತರಗತಿಯಲ್ಲಿ ಹೇಳುವ ಹಾಗೆ ರಾಗವಾಗಿ ತಿರುಗಿ ಹೇಳಿದೆವು. ಹಿಮ್ಮಡಿ ಮಾತ್ರ ಒಬ್ಬಳದೂ ಏಳಲಿಲ್ಲ. ಅದು ನಮಗೆ ಪಾಠವಾಗಿ ಕೇಳಿಸುತ್ತಿತ್ತೇ ಹೊರತು ಆಜ್ಞೆಯಾಗಿ ಕೇಳಿಸುತ್ತಿರಲಿಲ್ಲ. ಕೆಲವು ದಿನ ನೋಡಿ ಮೇಡಂ ಅದನ್ನೂ ಬಿಟ್ಟರು. ಆಮೇಲೆ ಮೈದಾನದಲ್ಲಿ ಬರೀ ಸೀಟಿ. ಮೂಲೆಯಿಂದ ಮೂಲೆಗೆ ದನಿ ತುಂಬಿಸುತ್ತಿದ್ದವರು ಹೀಗೆ ಮೂಕಿಯಾಗಿ ನಿಂತದ್ದು ನಮಗೆ ಹಿಂಸೆಯಾಗುತ್ತಿತ್ತು. ಹೇಗಾದರೂ ಆ ಮಾತು ಅವರ ಬಾಯಿಗೆ ವಾಪಸ್ಸು ಬರಲಪ್ಪ ಎಂದು ಅಜ್ಜಿ ನಮಾಜಿಗೆ ಕೂತಾಗ ನಾನೂ ಪಕ್ಕದಲ್ಲಿ ಕೂತು ಕೇಳಿಕೊಂಡದ್ದುಂಟು.

ಅದೇ ಚಳಿಗಾಲದಲ್ಲಿ ಹತ್ತನೆಯ ತರಗತಿಯವರನ್ನು ಒಂದು ದಿನದ ಪ್ರವಾಸಕ್ಕೆ ಕೈವಾರಕ್ಕೆ ಕರೆದುಕೊಂಡು ಹೋದರು. ನಲವತ್ತರ ಹತ್ತಿರ ಹುಡುಗಿಯರು, ಜತೆಗೆ ಮೇಡಂ ಮತ್ತು ಕೇಶವ್ ಸರ್. ದರ್ಶನ ಮುಗಿಸಿ, ಬುತ್ತಿ ಬಿಚ್ಚಲು ಊರಾಚೆಯ ಒಂದು ಬಂಡೆಗುಡ್ಡ ಹತ್ತಿದೆವು. ಮೇಲೆ ಒಂದು ದೊಡ್ಡ ಬಂಡೆ ಚಾಚಿಕೊಂಡು ತಂಪಾದ ನೆರಳು ಮಾಡಿತ್ತು. ಅದರ ಕೆಳಗೆ ಕೂತು ಚಿತ್ರಾನ್ನ ತಿನ್ನುತ್ತಿದ್ದೆವು. ಬಂಡೆಯ ಹೊಟ್ಟೆಗೆ ಕಪ್ಪಗೆ ಅಂಟಿಕೊಂಡಿದ್ದದ್ದನ್ನು ನಾವು ಮಳೆನೀರಿನ ಕಲೆ ಎಂದುಕೊಂಡಿದ್ದೆವು.

ಬಂಡೆಯ ಮೇಲೆ ಕೋತಿಗಳು ಜಗಳಕ್ಕೆ ಬಿದ್ದವು. ಒಂದು ಕಲ್ಲು ಉರುಳಿ ಆ ಕಪ್ಪು ಕಲೆಯನ್ನು ಸವರಿಕೊಂಡು ಕೆಳಗೆ ಬಿತ್ತು. ನಾವು ಕೋತಿಗಳನ್ನು ನೋಡಿ ನಗುತ್ತಿದ್ದೆವು. ಮೇಡಂ ಒಬ್ಬರೇ ತಲೆಯೆತ್ತಿ ಬಂಡೆಯ ಕೆಳಭಾಗವನ್ನು ನೋಡುತ್ತಿದ್ದರು. ಕಲೆ ಅಲುಗುತ್ತಿತ್ತು. ಗುಂಯ್ ಎಂಬ ಸದ್ದು ಸಣ್ಣಗೆ ಶುರುವಾಗಿತ್ತು. ಹೆಜ್ಜೇನು.

ಅವರ ಪಕ್ಕದಲ್ಲೇ ಕೂತಿದ್ದರಿಂದ ಮುಂದಿನದು ನನಗೆ ಚೆನ್ನಾಗಿ ನೆನಪಿದೆ. ಅವರ ಕೈ ಸೀಟಿಯ ಕಡೆ ಹೋಯಿತು, ಹಾಗೆಯೇ ನಿಂತಿತು. ಸೀಟಿ ಊದಿದರೆ ಹುಳುಗಳೆಲ್ಲ ಒಮ್ಮೆಲೇ ಏಳುತ್ತವೆ. ಹೆಜ್ಜೇನು ಎಂದು ಹೇಳಿದರೆ ಹುಡುಗಿಯರು ಕಿರುಚಿಕೊಂಡು ದಿಕ್ಕಾಪಾಲಾಗಿ ಓಡುತ್ತಾರೆ, ಒಂದು ಕಡೆ ಇಳಿಜಾರು ಬೇರೆ. ಅವರು ಎದ್ದು ನಿಂತು, ಮೆಲುದನಿಯಲ್ಲಿ, ಶುದ್ಧವಾಗಿ "ಆನ್ ಯುವರ್ ಟೋಸ್" ಎಂದರು. ಯಾರೂ ಕದಲಲಿಲ್ಲ. ಹಿಂದೆ ಕೂತಿದ್ದ ಅಪೇಕ್ಷಾ ಬಾಯ್ತುಂಬ ಚಿತ್ರಾನ್ನ ಇಟ್ಟುಕೊಂಡೇ "ಯೆಸ್ ಮೇಡಂ" ಎಂದಳು, ಅಷ್ಟೇ.

ಕೇಶವ್ ಸರ್ ಆ ಹೊತ್ತಿಗೆ ಮೇಲೆ ನೋಡಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು. "ನಿಮ್ದು ಹೇಳಿ ಮೇಡಂ," ಎಂದು ಪಿಸುಗುಟ್ಟಿದರು. "ನಿಮ್ದೇ ಹೇಳಿ."

ಮೇಡಂ ಅವರತ್ತ ಒಮ್ಮೆ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, ಬಾಯಲ್ಲಿಲ್ಲದ ಸೀಟಿಯನ್ನು ಕಚ್ಚಿಕೊಂಡವರ ಹಾಗೆ ತುಟಿಯ ಮೂಲೆಯಿಂದ ಹೇಳಿದರು: "ಆನಿಯನ್ ದೋಸೆ."

ನಲವತ್ತು ಜೊತೆ ಹಿಮ್ಮಡಿಗಳು ಎದ್ದವು. ಬಾಯಿಗಳು ಮುಚ್ಚಿದವು. ಕಣ್ಣುಗಳು ಅವರ ಮೇಲೆ ನೆಟ್ಟವು. ಬುತ್ತಿಗಳನ್ನು ಇದ್ದಲ್ಲೇ ಬಿಡುವಂತೆ ಅವರು ಕೈಸನ್ನೆ ಮಾಡಿದರು. ಆಮೇಲೆ ತಾವು ಮುಂದಾಗಿ, ತುದಿಗಾಲಲ್ಲಿ, ಬಂದ ದಾರಿಯಲ್ಲೇ ಇಳಿಯತೊಡಗಿದರು. ನಾವು ಒಬ್ಬಳ ಹಿಂದೆ ಒಬ್ಬಳು ಸದ್ದಿಲ್ಲದೆ ಇಳಿದೆವು. ಎಲ್ಲರಿಗಿಂತ ಕೊನೆಯಲ್ಲಿ ಕೇಶವ್ ಸರ್, ತಮ್ಮ ಕಿರುಗುಟ್ಟುವ ಚರ್ಮದ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು, ಕಾಲುಚೀಲದಲ್ಲಿ, ತುದಿಗಾಲಲ್ಲಿ.

ಅರ್ಧ ದಾರಿಯಲ್ಲಿ ಒಂದು ಹುಳು ಬಂದು ನನ್ನ ಕಿವಿಯ ಮೇಲೆ ಕೂತಿತು. ಹಲ್ಲಿಗೆ ಕಿರುಚುವ ನಾನು. ಅದರ ಕಾಲುಗಳು ಓಡಾಡುವುದು ಗೊತ್ತಾಗುತ್ತಿತ್ತು. ನನ್ನ ಮುಂದೆ ಹೋಗುತ್ತಿದ್ದ ಮೇಡಂ ಹಿಂದಿರುಗಿ ನೋಡಿದರು, ನನ್ನ ಕಿವಿಯನ್ನೂ ನೋಡಿದರು. ತಮ್ಮ ಹಿಮ್ಮಡಿಯನ್ನು ಇನ್ನಷ್ಟು ಮೇಲಕ್ಕೆತ್ತಿದರು. ನಾನೂ ಎತ್ತಿದೆ. ಅದು ಕಚ್ಚಿತು. ಕಣ್ಣಲ್ಲಿ ದಳದಳ ನೀರು ಬಂತು, ಬಾಯಿ ಮಾತ್ರ ತೆರೆಯಲಿಲ್ಲ. "ಸಾಕು, ಇಳೀರಿ" ಎಂದು ಇನ್ನೂ ಹೇಳಿರಲಿಲ್ಲವಲ್ಲ.

ಗುಡ್ಡದ ಬುಡ ದಾಟಿ, ರಸ್ತೆಯ ಹುಣಸೆಮರದ ಕೆಳಗೆ ಬಂದು, ಎರಡು ಸಲ ಎಣಿಸಿ ಎಲ್ಲರೂ ಇದ್ದೇವೆಂದು ಖಾತ್ರಿ ಮಾಡಿಕೊಂಡ ಮೇಲೆ ಅವರು ಆ ಮಾತು ಹೇಳಿದರು. ಆಗ ನಾನು ಕಿರುಚಿದ್ದು ಕೈವಾರದಿಂದ ಶಿಡ್ಲಘಟ್ಟಕ್ಕೆ ಕೇಳಿಸಿತು ಎಂದು ಅಪೇಕ್ಷಾ ಈಗಲೂ ಹೇಳುತ್ತಾಳೆ. ಕೆಲವರು ಅತ್ತರು, ಕೆಲವರು ನಕ್ಕರು, ಹೆಚ್ಚಿನವರು ಎರಡನ್ನೂ ಮಾಡಿದರು. ಮೇಡಂ ನನ್ನ ಕಿವಿಯಿಂದ ಮುಳ್ಳು ತೆಗೆದು, ಮೂರನೆಯ ಸಲ ನಮ್ಮನ್ನೆಲ್ಲ ಎಣಿಸಿದರು. ಒಟ್ಟು ಮೂರು ಕಡಿತ: ನನ್ನ ಕಿವಿಗೆ ಒಂದು, ಕೇಶವ್ ಸರ್ ಕುತ್ತಿಗೆಗೆ ಎರಡು.

ಮರುದಿನ ಕೇಶವ್ ಸರ್ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ತರಗತಿಗೆ ಬಂದರು. ಹಲಗೆಯ ಮೇಲೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಆ ಇಂಗ್ಲಿಷ್ ಮಾತನ್ನು ಬರೆದು, ಅದರ ಕೆಳಗೆ ಕನ್ನಡದಲ್ಲಿ ಆನಿಯನ್ ದೋಸೆ ಎಂದು ಬರೆದರು. "ಪರೀಕ್ಷೆಯಲ್ಲಿ ಮೇಲಿನದು ಬರೀರಿ. ಗುಡ್ಡದ ಮೇಲೆ ಕೆಳಗಿನದು" ಎಂದರು. ಆಮೇಲೆ ಸ್ಟಾಫ್ ರೂಮಿಗೆ ಹೋಗಿ ಮೇಡಂ ಅವರ ಎದುರು ಇನ್ನೇನು ಹೇಳಿದರೋ ತಿಳಿಯದು. ಸಂಜೆ ಮೈದಾನದಲ್ಲಿ ಸೀಟಿ ಮತ್ತೆ ತುಟಿಯ ಮೂಲೆಗೆ ಬಂದಿತ್ತು, ಇನ್ನೊಂದು ಮೂಲೆಯಿಂದ ದೋಸೆಯೂ ಬಂತು. ನಾವು ಹಿಮ್ಮಡಿ ಎತ್ತಿದ ರಭಸಕ್ಕೆ ಧೂಳೆದ್ದಿತು.

ಕನ್ನಡ ಕಲಿಸುವ ಕಸುಬಿನವಳಾದ್ದರಿಂದ ಇಲ್ಲಿ ಒಂದು ಮಾತು ಸೇರಿಸದೆ ಹೋಗಲಾರೆ. ನಮ್ಮ ನುಡಿಯಲ್ಲಿ ಎಚ್ಚರ ಇರುವುದು ಕಣ್ಣಿನಲ್ಲಿ. ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ, ಮೈಯೆಲ್ಲ ಕಣ್ಣಾಗಿರುತ್ತೇವೆ. ತುದಿಗಾಲಲ್ಲಿ ನಿಂತವನೆಂದರೆ ನಮಗೆ ಅವಸರದವನು. ಇಂಗ್ಲಿಷಿನವರು ಎಚ್ಚರವನ್ನು ಕಾಲಿನಲ್ಲಿ ಇಟ್ಟರು. ಕಮಲಮ್ಮ ಮೇಡಂ ಕಣ್ಣು ಕಾಲು ಎರಡನ್ನೂ ಸೇರಿಸಿ, ಅದಕ್ಕೊಂದು ತಿಂಡಿಯ ಹೆಸರಿಟ್ಟು ನಮಗೆ ಕೊಟ್ಟರು.

ಮುಂದೆ ಅವರಿಗೆ ಮಂಡಿಕಲ್ಲಿಗೆ ವರ್ಗವಾಯಿತು, ಅಲ್ಲಿಂದ ಚಿಂತಾಮಣಿ ಕಡೆಗೆ. ಮಂಡಿಕಲ್ಲಿನಲ್ಲಿ ಅವರು ಹುಡುಗರಿಗೂ ಖೋ ಖೋ ಕಲಿಸಿದರು. ಸಂಪಾದಕ ವೇಣು ಆ ಕಾಲದ ಫಸಲು. ಎರಡು ಊರಿನ ಹುಡುಗರಿಗೂ ಯಾರೂ ಹೇಳಿಕೊಡದೆಯೇ ದೋಸೆಯೇ ಕೇಳಿಸಿತಂತೆ. ನಾನು ಉಪನ್ಯಾಸಕ ಹುದ್ದೆಯ ಸಂದರ್ಶನಕ್ಕೆ ಹೋಗಿ, ಹೊರಗಿನ ಬೆಂಚಿನಲ್ಲಿ ಸರದಿಗಾಗಿ ಕಾದು ಕೂತಿದ್ದಾಗ ಎಲ್ಲಿಂದಲೋ ತಿಳಿದುಕೊಂಡು ಫೋನು ಮಾಡಿದರು. "ಆನಿಯನ್ ದೋಸೆ ಕಣಮ್ಮ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಒಳಗೆ ಸಂದರ್ಶಕರ ಎದುರು ನಾನು ಕುರ್ಚಿಯಲ್ಲಿ ಕೂತು ಉತ್ತರ ಕೊಟ್ಟದ್ದೆಲ್ಲ ಮೇಜಿನ ಕೆಳಗೆ ಹಿಮ್ಮಡಿ ಎತ್ತಿಕೊಂಡೇ.

ಆ ಹಿಮ್ಮಡಿಗಳೇ ಈಗ ಅವರಿಗೆ ಕೈಕೊಟ್ಟಿವೆ. ವರ್ಷಗಟ್ಟಲೆ ಬೆರಳ ಮೇಲೆ ಭಾರ ಹಾಕಿದ್ದರಿಂದಲೋ ಏನೋ, ಎರಡೂ ಹಿಮ್ಮಡಿಯಲ್ಲಿ ನೋವು. ಮೆತ್ತನೆಯ ಚಪ್ಪಲಿ ಹಾಕಿಕೊಂಡು ಕಾಲು ಪೂರ್ತಿ ಊರಿ ನಿಲ್ಲಿ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಚಪ್ಪಲಿಯನ್ನೇನೋ ಕೊಂಡಿದ್ದಾರೆ.

ಮೇ ತಿಂಗಳ ಕೊನೆಯ ದಿನ ಚಿಂತಾಮಣಿ ಕಡೆಯ ಆ ಶಾಲೆಯಲ್ಲಿ ಬೀಳ್ಕೊಡುಗೆ. ಚಿಕ್ಕಬಳ್ಳಾಪುರದಿಂದ ನಿವೃತ್ತ ಕೇಶವ್ ಸರ್ ಬಂದಿದ್ದರು, ಮಹತಿ ರಜೆ ಹಾಕಿ ಬಂದಿದ್ದಳು, ನಾನೂ ಇದ್ದೆ. ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಮಕ್ಕಳು ಮೈದಾನದಲ್ಲಿ ಸಾಲುಗಟ್ಟಿ ನಿಂತು ಕೊನೆಯ ಸಲ ಒಂದು ಆಜ್ಞೆ ಕೊಡಿ ಎಂದು ಹಟ ಹಿಡಿದರು. ಮೇಡಂ ಹಾರ ತೆಗೆದು ನನ್ನ ಕೈಗೆ ಕೊಟ್ಟು ಮುಂದೆ ಬಂದರು. ದೋಸೆಗಾಗಿ ನಾವೆಲ್ಲ, ದೊಡ್ಡವರೂ, ಕಾದು ನಿಂತೆವು. ಅವರು ತುಂಬಾ ಹೊತ್ತು ಮಕ್ಕಳನ್ನು ನೋಡಿ, "ಸಾಕು, ಇಳೀರಿ" ಎಂದರು.

ಮುಂದಿನ ಸಾಲಿನ ಪುಟ್ಟ ಹುಡುಗಿಗೆ ಗೊಂದಲ. "ಇನ್ನೂ ಎದ್ದೇ ಇಲ್ಲ ಮೇಡಂ" ಎಂದಳು.

"ನಿಮಗಲ್ಲ ಕಣಮ್ಮ," ಎಂದರು ಮೇಡಂ. "ನನಗೆ ಹೇಳ್ಕೊಂಡೆ."

ಮಹತಿ ಕನ್ನಡಕ ತೆಗೆದು ಒರೆಸಿಕೊಂಡಳು. ನನಗೂ ಅಳು ತಡೆಯಲಾಗಲಿಲ್ಲ, ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಆಮೇಲೆ ಅವರನ್ನು ಆಟೋದಲ್ಲಿ ಕೂರಿಸಿದೆವು. ಚಾಲಕ ಆಟೋವನ್ನು ಹಿಂದಕ್ಕೆ ತೆಗೆಯತೊಡಗಿದ. ಕೈಬೀಸುತ್ತಿದ್ದ ಮಕ್ಕಳ ಗುಂಪು ಹಿಂದುಗಡೆಯೇ ಇತ್ತು. ನಮಗೆ ಯಾರಿಗೂ ಅದು ಹೊಳೆಯಲಿಲ್ಲ. ಆಟೋದ ಒಳಗಿನಿಂದ ಆ ದನಿ ಸಿಡಿಯಿತು: "ಏಯ್, ಆನಿಯನ್ ದೋಸೆ!" ಮಕ್ಕಳು ಒಂದೇ ನೆಗೆತಕ್ಕೆ ಬದಿಗೆ ಸರಿದರು, ಚಾಲಕ ಬ್ರೇಕು ಒತ್ತಿದ. ಕೇಶವ್ ಸರ್, ಊರುಗೋಲು ಹಿಡಿದ ಎಪ್ಪತ್ತರ ಹತ್ತಿರದ ಹಿರಿಯರು, ಹಿಮ್ಮಡಿ ಎತ್ತಿ ನಿಂತಿದ್ದರು. ಮೇಡಂ ತಮಗೆ ತಾವೇ ಕೊಟ್ಟುಕೊಂಡ ಅಪ್ಪಣೆ ಗೇಟಿನವರೆಗೂ ಬಾಳಲಿಲ್ಲ.

ಆದ್ದರಿಂದ ಅವರಿಗೆ ವಿಶ್ರಾಂತಿಯನ್ನು ಹಾರೈಸಿ ಪ್ರಯೋಜನವಿಲ್ಲ ಎಂಬುದು ನನಗೆ ಗೊತ್ತು. ಈಗಾಗಲೇ ಅವರ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಮುಳ್ಳು ಹೆಕ್ಕುವ ಕೆಲಸ ಶುರುವಾಗಿದೆ, ಕಂಬಗಳು ಬಂದಿವೆ ಎಂಬ ವರದಿ ಇದೆ. ಆ ಅಂಗಳದಲ್ಲಿ ಇನ್ನೂ ಅನೇಕ ತಲೆಮಾರಿನ ಮಕ್ಕಳು ಅರೆಹೊಟ್ಟೆಯಲ್ಲಿ ಬಂದು, ಅದೇ ಮಾತನ್ನು ಅದೇ ರೀತಿ ತಪ್ಪಾಗಿ ಕೇಳಿಸಿಕೊಳ್ಳಲಿ. ಮೇಡಂ ಅವರಿಗೆ ದೀರ್ಘವಾದ, ನೋವಿಲ್ಲದ ಆಯುಸ್ಸು ದೊರೆಯಲಿ. ಅವರ ಗಂಟಲು ಈಗಿನಂತೆಯೇ ಮೂರು ಬೀದಿಗೆ ಕೇಳಿಸುತ್ತಿರಲಿ. ನನ್ನ ಬೇಡಿಕೆ ಒಂದೇ. ದಿನಕ್ಕೆ ಒಂದು ಗಳಿಗೆ, ಸಂಜೆಯ ಕಾಫಿಯ ಹೊತ್ತಿಗಾದರೂ, ಆ ಹಿಮ್ಮಡಿಗಳನ್ನು ಪೂರ್ತಿಯಾಗಿ ನೆಲಕ್ಕೆ ಊರಿ ಕೂತುಕೊಳ್ಳಿ ಮೇಡಂ. ಸಾಕು, ಇಳೀರಿ. ಅಷ್ಟು ಹೊತ್ತು ನಾವು ಎತ್ತಿಕೊಂಡು ನಿಂತಿರುತ್ತೇವೆ.